ಬಯಲಿನಲ್ಲಿ ನೆರಳು ಹಿಡಿಯುವ ರೇಡಿಯೋ

ಬಿಸಿಲಿಗೆ ಅಡ್ಡ ನಿಂತರೆ ನೆರಳು ಬೀಳುತ್ತದೆ. ರೇಡಿಯೋ ಅಲೆಗೆ ಅಡ್ಡ ನಿಂತರೂ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜೋಯಿ ವಿಲ್ಸನ್ ಮತ್ತು ನೀಲ್ ಪಟ್ವಾರಿ 2010ರಲ್ಲಿ ಪ್ರಕಟಿಸಿದ ‘ರೇಡಿಯೋ ಟೊಮೊಗ್ರಾಫಿಕ್ ಇಮೇಜಿಂಗ್’ ಪ್ರಬಂಧ ಆ ನೆರಳಿನಿಂದಲೇ ಮನುಷ್ಯ ನಿಂತಿರುವ ಜಾಗವನ್ನು ಪತ್ತೆಹಚ್ಚುತ್ತದೆ. ಅವನ ಜೇಬಿನಲ್ಲಿ ಫೋನೂ ಬೇಡ, ಕೊರಳಲ್ಲಿ ಟ್ಯಾಗೂ ಬೇಡ.

ಪ್ರಯೋಗ ನಡೆದದ್ದು ಬಯಲಿನಲ್ಲಿ. 21 ಅಡಿ ಚೌಕದ ಅಂಚಿನುದ್ದಕ್ಕೂ ಮೂರಡಿಗೊಂದರಂತೆ 28 ಪುಟ್ಟ ರೇಡಿಯೋಗಳನ್ನು ನೆಲದಿಂದ ಮೂರಡಿ ಎತ್ತರದಲ್ಲಿ ನಿಲ್ಲಿಸಿದ್ದರು. ಚೌಕದೊಳಗೆ ಮರಗಳೂ ಇರಲೆಂದು ಬೇಕೆಂದೇ ಆ ಜಾಗ ಆರಿಸಿದ್ದರು. ಸರದಿಯಂತೆ ಒಂದು ರೇಡಿಯೋ ಸಿಗ್ನಲ್ ಕಳಿಸಿದರೆ ಉಳಿದವು ಕಿವಿಗೊಡುತ್ತವೆ. ಹೀಗೆ 378 ಜೋಡಿಗಳ ನಡುವೆ ಕಾಣದ ದಾರಗಳು ಹರಡಿಕೊಳ್ಳುತ್ತವೆ. ಚೌಕದಲ್ಲಿ ಯಾರೂ ಇಲ್ಲದಾಗಲೇ ಪ್ರತಿ ದಾರದ ಬಲವನ್ನು ಅಳೆದಿಟ್ಟುಕೊಂಡಿರುತ್ತಾರೆ. ಆಮೇಲೆ ಯಾರಾದರೂ ಒಳಗೆ ಕಾಲಿಟ್ಟರೆ, ಬಹುಪಾಲು ನೀರೇ ಆಗಿರುವ ಮೈ ಕೆಲವು ದಾರಗಳನ್ನು ಮಂಕಾಗಿಸುತ್ತದೆ. ಮಂಕಾದ ದಾರಗಳು ಕೂಡುವಲ್ಲಿ ಮನುಷ್ಯನಿದ್ದಾನೆ.

ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಹಿಂದಿರುವ ವಿಚಾರವನ್ನು ಹುಲ್ಲುಹಾಸಿಗೆ ತಂದದ್ದು ಈ ಕೃತಿಯ ದೊಡ್ಡ ಗುಣ. ಇಷ್ಟು ಕಡಿಮೆ ಅಳತೆಗಳಿಂದ ತೆಗೆದ ಚಿತ್ರ ಮಸುಕಾಗಿಯೇ ಇರುತ್ತದೆ ಎಂಬುದನ್ನು ಲೇಖಕರು ಮುಚ್ಚಿಡದೆ, ಆ ಮಸುಕನ್ನೂ ಲೆಕ್ಕಕ್ಕೆ ತರುತ್ತಾರೆ. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು.

ಆದರೆ ಇಡೀ ವಿಧಾನ ನಿಂತಿರುವುದು ಮೊದಲಿನ ಆ ಖಾಲಿ ಬಯಲಿನ ಅಳತೆಯ ಮೇಲೆ. ಈ ವಿಧಾನಕ್ಕೆ ಮನುಷ್ಯನ ಪರಿಚಯವಿಲ್ಲ, ಬದಲಾದದ್ದು ಮಾತ್ರ ಗೊತ್ತು. ಗಾಳಿಗೆ ತೂಗುವ ಕೊಂಬೆ, ಮಳೆಗೆ ತೊಯ್ದ ಎಲೆಗಳೂ ಸಿಗ್ನಲನ್ನು ಬದಲಿಸುತ್ತವೆ. ಇದೇ ಅಂತರದಲ್ಲಿ ಒಂದು ಎಕರೆ ಚೌಕ ಸುತ್ತಬೇಕೆಂದರೆ ಸುಮಾರು 280 ರೇಡಿಯೋ ಬೇಕು. ಇನ್ನು ಅಪಾಯದಲ್ಲಿ ಸಿಕ್ಕಿಕೊಂಡವರನ್ನು ಹುಡುಕಲು ಇದನ್ನು ಬಳಸೋಣವೆಂದರೆ, ರಕ್ಷಣಾ ಕಾರ್ಯಕ್ಕೆ ಹೋದವರು ಜಾಗವನ್ನು ಮೊದಲು ಖಾಲಿ ಮಾಡಿಸಿ ಅಳೆಯುವುದು ಆಗದ ಮಾತು. ಇದೇ ಇಬ್ಬರು 2011ರ ಪ್ರಬಂಧದಲ್ಲಿ, ಸಿಗ್ನಲಿನ ಏರಿಳಿತವನ್ನೇ ನೋಡುವ ಮೂಲಕ ಖಾಲಿ ಜಾಗದ ಅಳತೆಯ ಹಂಗು ಕಳಚಿಕೊಂಡರು. ಅಲ್ಲಿ ಅಲುಗಾಡುವವರು ಸಿಕ್ಕರು, ಅಲುಗಾಡದವರು ಕೈತಪ್ಪಿದರು. ಕುಸಿದ ಗೋಡೆಯಡಿ ಪ್ರಜ್ಞೆತಪ್ಪಿ ಬಿದ್ದವನೇ ಕೈತಪ್ಪಿದರೆ, ಆ ಉಪಕರಣವನ್ನು ನೆಚ್ಚಿ ರಕ್ಷಣೆಗೆ ಇಳಿಯುವುದು ಹೇಗೆ?

ಇನ್ನೊಂದು ಕೊರತೆ ಗಣಿತದ್ದಲ್ಲ. ಫೋನನ್ನು ಮನೆಯಲ್ಲಿ ಬಿಟ್ಟು ಬರಬಹುದು, ಮೈಯ ನೆರಳನ್ನು ಬಿಟ್ಟು ಬರಲಾಗದು. ವೈ-ಫೈನಿಂದಲೇ ಸುತ್ತಲಿನ ಚಲನವಲನ ಗ್ರಹಿಸುವ 802.11ಬಿಎಫ್ ಮಾನದಂಡ 2025ರಲ್ಲಿ ಬಂದಿದೆ. ಚಿತ್ರ ಮಸುಕಾಗಿದ್ದಷ್ಟು ದಿನ ಬಯಲಲ್ಲಿ ನಿಂತವನ ಗುರುತು ಗುಟ್ಟಾಗಿ ಉಳಿದಿತ್ತು. ಅದು ತಿಳಿಯಾಗುತ್ತಾ ಹೋದಂತೆ, ಪತ್ತೆಹಚ್ಚುವ ಮುನ್ನ ಅವನನ್ನು ಕೇಳಿದವರು ಯಾರು ಎಂಬ ಪ್ರಶ್ನೆಗೂ ಉತ್ತರ ಬೇಕು.