ನೆಗೆಟಿವ್ ಯಾರ ಹತ್ತಿರ ಇದೆ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆಂದು ಕಡೂರಿನ ಒಂದು ಸ್ಟುಡಿಯೋದಲ್ಲಿ ನಾನು ಮೊದಲ ಸಲ ಫೋಟೋ ತೆಗೆಸಿಕೊಂಡೆ. ಎರಡು ಜಡೆ, ಮುಡಿಯ ತುಂಬ ಕನಕಾಂಬರ. ತಿಂಗಳು ಕಳೆಯುವುದರೊಳಗೆ ಗೆಳತಿ ಓಡಿಬಂದು, "ನಿನ್ನ ಫೋಟೋ ದೊಡ್ಡದು ಮಾಡಿ ಅಂಗಡಿ ಗಾಜಿನೊಳಗೆ ಇಟ್ಟಿದಾರೆ ಕಣೇ" ಎಂದಳು. ನನಗೆ ಒಳಗೊಳಗೇ ಹಿಗ್ಗು. ಅಪ್ಪ ಮಾತ್ರ ಅಂಗಿ ತೊಟ್ಟುಕೊಂಡು ಹೊರಟೇಬಿಟ್ಟರು. ಫೋಟೋ ಇಳಿಸಿದ್ದಲ್ಲದೆ ನೆಗೆಟಿವನ್ನೂ ಇಸಿದುಕೊಂಡು ಬಂದರು. "ನಮ್ಮನ್ನ ಒಂದು ಮಾತು ಕೇಳಬೇಕಿತ್ತಲ್ಲ" ಎಂದಷ್ಟೇ ಅಂದು ಕಾಫಿ ಕುಡಿದರು.

ಹೋದ ವರ್ಷ ಮಗಳ ಜೊತೆ ವಿಮಾನ ಹತ್ತಲು ಹೋದಾಗ ಆ ಮಾತು ನೆನಪಾಯಿತು. ಯಾವ ನಿಲ್ದಾಣವೆಂದು ಹೇಳುವುದು ಬೇಡ. ಟಿಕೆಟ್ಟು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಸರದಿಯಲ್ಲಿ ನಿಂತಿದ್ದೆ. ಸಮವಸ್ತ್ರದ ಹುಡುಗನೊಬ್ಬ "ಮೇಡಂ, ಇಲ್ಲಿ ನೋಡಿ" ಎಂದ. ನೋಡಿದೆ. ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಒಳಗೆ ಹೋದ ಮೇಲೆ ಮಗಳು, "ನಿನ್ನ ಮುಖ ತಗೊಂಡ್ರು ಅಮ್ಮ, ಇನ್ನು ಸಲೀಸು" ಎಂದಳು. ನಾನು ಯಾವಾಗ ಹೂಂ ಅಂದೆ? ಮೂವತ್ತು ವರ್ಷ ಮಕ್ಕಳಿಗೆ "ಇಲ್ಲಿ ನೋಡಿ" ಎಂದು ಹೇಳಿದವಳು ನಾನು. ಅದೇ ಮಾತಿಗೆ ಮಗುವಿನಂತೆ ತಲೆ ಎತ್ತಿದ್ದೆ.

ಈ ವ್ಯವಸ್ಥೆಯ ಹೆಸರು ಡಿಜಿಯಾತ್ರಾ. 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಶುರುವಾಯಿತು. ಮೊಬೈಲಿನಲ್ಲಿ ಆಧಾರ್ ಜೋಡಿಸಿ, ನಮ್ಮ ಮುಖದ ಚಿತ್ರ ನಾವೇ ತೆಗೆದು, ಟಿಕೆಟ್ಟಿನ ವಿವರ ಕೊಟ್ಟರೆ ಆಯಿತು. ಬಾಗಿಲಿನ ಕ್ಯಾಮರಾ ಮುಖವನ್ನು ಆ ಚಿತ್ರಕ್ಕೆ ತಾಳೆ ಹಾಕಿ ಒಳಗೆ ಬಿಡುತ್ತದೆ. ಕಂಕುಳಲ್ಲಿ ಕೂಸು, ಹೆಗಲಲ್ಲಿ ಚೀಲ ಇರುವ ತಾಯಿಗೆ ಇದು ಉಪಕಾರವೇ, ಇಲ್ಲವೆನ್ನಲಾರೆ. ವಿವರಗಳು ನಮ್ಮ ಮೊಬೈಲಿನಲ್ಲೇ ಇರುತ್ತವೆ, ನಿಲ್ದಾಣಕ್ಕೆ ಕೊಟ್ಟದ್ದನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸುತ್ತೇವೆ, ಇದು ಕಡ್ಡಾಯವಲ್ಲ ಎಂದೂ ಅವರು ಹೇಳುತ್ತಾರೆ.

ಕಡ್ಡಾಯವಲ್ಲದ್ದನ್ನು ಕೇಳಿ ಮಾಡಬೇಕು. ನನ್ನ ಮೊದಲ ತಕರಾರು ಇದು. ಹಿಂದಿನಿಂದ ಜನ ನೂಕುತ್ತಿರುವಾಗ "ಬೇಡ" ಎನ್ನುವ ಧೈರ್ಯ ನಮ್ಮಲ್ಲಿ ಎಷ್ಟು ಹೆಂಗಸರಿಗಿದೆ? ಎರಡನೆಯದು, ಅಳಿಸಿದ್ದಾರೆಂದು ನೋಡಿದವರು ಯಾರು? ಇದನ್ನು ನಡೆಸುವುದು 2019ರಲ್ಲಿ ಆದ ಒಂದು ಪ್ರತಿಷ್ಠಾನ. ಅದರಲ್ಲಿ ವಿಮಾನ ನಿಲ್ದಾಣಗಳ ಸರ್ಕಾರಿ ಪ್ರಾಧಿಕಾರದ ಪಾಲು ಶೇಕಡಾ 26. ಉಳಿದದ್ದು ಬೆಂಗಳೂರೂ ಸೇರಿ ಐದು ನಿಲ್ದಾಣಗಳ ಕಂಪನಿಗಳದು. ಹೀಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅದನ್ನು ಕೇಳುವಂತಿಲ್ಲ ಎಂಬುದು ಹಕ್ಕುಗಳ ಪರ ಕೆಲಸ ಮಾಡುವವರ ದೂರು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು. ಮುಖ ಬೇರೆಯವರ ಕೈ ಸೇರಿದರೆ ಏನನ್ನು ಬದಲಾಯಿಸುವುದು?

"ಮುಚ್ಚಿಡೋದಕ್ಕೆ ನಿನ್ನ ಹತ್ರ ಏನಿದೆಯಮ್ಮ?" ಎಂದು ಮಗಳು ನಕ್ಕಳು. ಬಚ್ಚಲುಮನೆಗೆ ಚಿಲಕ ಹಾಕಿಕೊಳ್ಳುವುದು ಒಳಗೆ ಕಳ್ಳತನ ಮಾಡುವುದಕ್ಕಲ್ಲವಲ್ಲ ಎಂದೆ. ಇದನ್ನು ದೊಡ್ಡ ನ್ಯಾಯಾಲಯವೂ ಒಪ್ಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 86ರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಮ್ಮ ವಿವರಗಳನ್ನು ಕಾಯುವ ಕಾನೂನು ಬಂದದ್ದು 2023ರಲ್ಲಿ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಯಂತ್ರ ಮೊದಲು ಬಂತು, ಕಾವಲು ಆಮೇಲೆ.

ತರೀಕೆರೆಯಲ್ಲಿ ಬಸ್ಸು ಹತ್ತುವ ನಮಗೆ ವಿಮಾನದ ಗೊಡವೆ ಏಕೆ ಎನ್ನಬೇಡಿ. ಗರ್ಭಿಣಿ ಬಾಣಂತಿಯರು ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೂ 2025ರ ಜುಲೈ 1ರಿಂದ ಮುಖ ತೋರಿಸಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ವಿಮಾನದಲ್ಲಿ ಹೋಗುವವಳಿಗೆ ಕಾಗದ ತೋರಿಸಿ ಹೋಗುವ ದಾರಿಯಾದರೂ ಉಂಟು. ಅಜ್ಜಂಪುರದ ಕಡೆ ಹಳ್ಳಿಯ ಬಾಣಂತಿ ಬೇಡವೆಂದರೆ ಅವಳ ಪಾಲಿನ ಆಹಾರದ ಗತಿಯೇನು? ಅಮೃತಮಹಲ್ ತಳಿಗೆ ಹೆಸರಾದ ಸೀಮೆ ನಮ್ಮದು. ಈಗ ದನದ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಬಾಯಿಲ್ಲ. ನಮಗೆ ಬಾಯಿ ಇದೆ.

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅಪ್ಪ ಅಂದು ನನ್ನನ್ನು ಕೇಳಿರಲಿಲ್ಲ. "ನಮ್ಮನ್ನ ಕೇಳಬೇಕಿತ್ತು" ಎಂದರಲ್ಲ, ಆ "ನಮ್ಮ"ಲ್ಲಿ ನಾನಿರಲಿಲ್ಲ. ಅಂಗಡಿಯವನಿಗೆ ನನ್ನ ಮುಖ ವ್ಯಾಪಾರ, ಅಪ್ಪನಿಗೆ ಮನೆತನದ ಮಾನ. ಹೆಣ್ಣಿನ ಮುಖದ ವಿಚಾರವನ್ನು ಅವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವುದು ಹೊಸದೇನಲ್ಲ. ನಾನು ಕೇಳುತ್ತಿರುವುದು ಸೆರಗು ಮುಚ್ಚಿಕೊಳ್ಳುವ ಗೋಷಾ ಅಲ್ಲ. ಹೂಂ ಅನ್ನುವ, ಊಹೂಂ ಅನ್ನುವ ಅಧಿಕಾರ.

ನಾನೂ ತಪ್ಪಿತಸ್ಥಳೇ. ಶಾಲೆಯಲ್ಲಿ ಮಕ್ಕಳು ಊಟ ಮಾಡುವುದು, ಬಹುಮಾನ ತೆಗೆದುಕೊಳ್ಳುವುದು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕುತ್ತಿದ್ದೆ. ಒಬ್ಬರನ್ನೂ ಕೇಳಿದವಳಲ್ಲ. ಊರಿಗೆ ಮರಳಿದ ಮೇಲೆ ಕೇಳಲು ಶುರುಮಾಡಿದೆ. ಮೊದಲ ದಿನ ಎಲ್ಲರೂ ಹೂಂ ಎಂದರು. ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ತಲೆ ತಗ್ಗಿಸಿ, "ನಂದು ಬೇಡ ಮಿಸ್" ಎಂದಳು. ಏಕೆಂದು ಕೇಳಲು ಬಾಯಿವರೆಗೆ ಬಂತು. ಕೇಳಲಿಲ್ಲ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉಳಿದವರ ಫೋಟೋ ತೆಗೆದೆ.