ಶನಿವಾರ ಸಂಜೆಗೊಂದು ಕಾದಂಬರಿ

ಕೆಲವು ವಾರಗಳ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ಕೋಲಾರದಿಂದ ಮುಳಬಾಗಿಲಿಗೆ ಹೊರಟ ಬಸ್ಸಿನಲ್ಲಿ ಪರಿಚಯದವರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಬ್ಯಾಂಕಿನಲ್ಲಿ ಕೆಲಸ, ಊರು ದೇವರಾಯಸಮುದ್ರ, ವಾರಕ್ಕೊಮ್ಮೆ ತಾಯಿಯನ್ನು ನೋಡಿಕೊಂಡು ಬರಲು ಹೋಗುವವರು. ನಾನು ಕನ್ನಡದ ಮೇಷ್ಟರೆಂಬುದನ್ನು ಬಲ್ಲವರಾದ್ದರಿಂದ, ಕುಶಲಪ್ರಶ್ನೆ ಮುಗಿಯುತ್ತಲೇ, “ಮೇಷ್ಟ್ರೇ, ಎರಡು ದಿನದಲ್ಲಿ ಓದಿ ಮುಗಿಸೋ ಅಂಥ ಒಂದು ಕಾದಂಬರಿ ಹೇಳಿ. ಕೆಳಗಿಡೋಕೆ ಮನಸ್ಸು ಬರಬಾರದು, ಕಣ್ಣಲ್ಲಿ ನೀರೂ ಬರಬೇಕು. ನಿಮ್ಮ ಕಾಲೇಜಿನ ಪುಸ್ತಕ ಮಾತ್ರ ಬೇಡ” ಎಂದರು.

ಕೊನೆಯ ಮಾತು ಸ್ವಲ್ಪ ಚುಚ್ಚಿತು. ಆದರೆ ತಪ್ಪು ಅವರದಲ್ಲ. ಕೆಳಗಿಡಲಾಗದ ಕಾದಂಬರಿ ಎಂದರೆ ಅದು ಎರಡನೆಯ ದರ್ಜೆಯದು, ಅಳಿಸುವ ಕಾದಂಬರಿ ಎಂದರೆ ಮೂರನೆಯ ದರ್ಜೆಯದು ಎಂಬ ಭಾವನೆಯನ್ನು ಬಿತ್ತಿದವರು ಪಾಠ ಹೇಳುವ ನಾವೇ. ನಾವು ಮನೆಯಲ್ಲಿ ತಲೆದಿಂಬಿನ ಪಕ್ಕದಲ್ಲಿಟ್ಟುಕೊಳ್ಳುವ ಪುಸ್ತಕವೇ ಬೇರೆ, ತರಗತಿಗೆ ಹಿಡಿದುಕೊಂಡು ಹೋಗುವ ಪುಸ್ತಕವೇ ಬೇರೆ. “ನಿಮ್ಮ ಊರಿನವರೇ ಬರೆದದ್ದು ಒಂದಿದೆ, ಓದಿದ್ದೀರಾ?” ಎಂದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆಂದು ಬಗೆದರು.

ತಮಾಷೆಯಲ್ಲ. ಕೆ. ವಿ. ಅಯ್ಯರ್ ಅವರು 1898ರಲ್ಲಿ ಹುಟ್ಟಿದ್ದು ದೇವರಾಯಸಮುದ್ರದಲ್ಲಿ. ಬೆಂಗಳೂರಿನ ಹಳಬರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ವ್ಯಾಯಾಮಶಾಲೆ. ತಾವು ಕಟ್ಟುಮಸ್ತಾದ ಮೈ ಬೆಳೆಸಿದ್ದಲ್ಲದೆ ತರುಣರನ್ನು ಕೂಡಿಸಿ ಅಂಗಸಾಧನೆ ಕಲಿಸಿದವರು. ಆ ವಿದ್ಯೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಕೈಲಾಸಂ ಅವರ ಆಪ್ತರು. ಅವರನ್ನು ಕುರಿತ ಸ್ಮರಣೆಯ ಗ್ರಂಥವನ್ನೂ ಬರೆದರು. 1980ರಲ್ಲಿ ತೀರಿಕೊಂಡರು. ಗದೆ ತಿರುಗಿಸುವ ಕೈ ಇಷ್ಟು ಮೃದುವಾಗಿ ಬರೆದೀತೆಂದು ಯಾರೂ ನಿರೀಕ್ಷಿಸಲಾರರು. ‘ರೂಪದರ್ಶಿ’ಯ ಮೊದಲ ಕೆಲವು ಪುಟಗಳನ್ನು ಓದಿದವರಿಗೆ ಆ ಸಂಶಯ ಉಳಿಯುವುದಿಲ್ಲ.

‘ರೂಪದರ್ಶಿ’ಯ ಬೀಜ ಇಂಗ್ಲಿಷ್ ಡೈಜೆಸ್ಟ್ ಪತ್ರಿಕೆಯೊಂದರಲ್ಲಿ ಬಂದ ಸಣ್ಣ ಬರಹ. ಇಟಲಿಯ ಚಿತ್ರಕಾರನೊಬ್ಬ ಕ್ರಿಸ್ತನ ಜೀವನವನ್ನು ಚಿತ್ರಿಸಲು ಹೊರಡುತ್ತಾನೆ. ಬಾಲ ಏಸುವಿಗಾಗಿ ಒಂದು ಮುಖ ಬೇಕು. ನಿಷ್ಕಲ್ಮಷವಾದ ಮಗುವೊಂದು ದೊರೆಯುತ್ತದೆ. ವರ್ಷಗಳು ಉರುಳುತ್ತವೆ. ಗುರುವಿಗೆ ದ್ರೋಹ ಬಗೆದ ಜೂದಾಸನಿಗಾಗಿ ಇನ್ನೊಂದು ಮುಖ ಬೇಕು. ಪಾಪವೆಲ್ಲ ಅಚ್ಚೊತ್ತಿದಂಥ ಮುಖ. ಅದೂ ದೊರೆಯುತ್ತದೆ. ಎರಡೂ ಒಬ್ಬನದೇ.

ಗುಟ್ಟು ಬಿಟ್ಟುಕೊಟ್ಟೆನೆಂದು ವಾಚಕರು ಸಿಟ್ಟಾಗಬಹುದು. ಬೇಕೆಂದೇ ಬಿಟ್ಟುಕೊಟ್ಟೆ. ಈ ಕಥೆ ಯೂರೋಪಿನಲ್ಲಿ ಬಹಳ ಹಿಂದಿನಿಂದ ಬಾಯಿಂದ ಬಾಯಿಗೆ ಹರಿದಾಡಿದ್ದು. ಅಯ್ಯರ್ ಅವರಿಗೂ ಅದು ಮೊದಲೇ ತಿಳಿದೇ ಇತ್ತಷ್ಟೆ. ಗುಟ್ಟೊಂದೇ ಬಂಡವಾಳವಾಗಿದ್ದರೆ ಅವರು ಆ ಸಣ್ಣ ಬರಹವನ್ನು ಕನ್ನಡಿಸಿ ಸುಮ್ಮನಾಗಬಹುದಿತ್ತು. ಒಂದು ಇಡೀ ಕಾದಂಬರಿಯನ್ನು ಬರೆಯುವ ಅಗತ್ಯವಾದರೂ ಏನಿತ್ತು?

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಕುತೂಹಲ, ಕಾತರ. ಮುಂದೇನಾಗುವುದೋ ತಿಳಿಯದೆ ಪುಟ ತಿರುಗಿಸುವುದು ಕುತೂಹಲ. ಮುಂದೇನಾಗುವುದೆಂದು ಬಲ್ಲೆವು, ಅದು ಆಗದಿರಲಪ್ಪ ಎಂದು ಪುಟ ತಿರುಗಿಸಲು ಅಂಜುವುದು ಕಾತರ. ನಮ್ಮ ಕಡೆ ಹಳ್ಳಿಗಳಲ್ಲಿ ಆಡುವ ಕೇಳಿಕೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗಿದರೆ ಹಿಂದಿರುಗುವುದಿಲ್ಲವೆಂದು ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಹಾಗಿದ್ದೂ ಅವನು ತಾಯಿಯಿಂದ ಬೀಳ್ಕೊಳ್ಳುವಾಗ ಮುದುಕಿಯರು “ಬೇಡ ಕಣಪ್ಪ, ಹೋಗಬೇಡ” ಎನ್ನುತ್ತಾರೆ. ಅದನ್ನು ಮೂಢತನವೆಂದು ನಗುವವರು ರಸವೆಂದರೇನೆಂದು ಅರಿಯರು. ಕುತೂಹಲದ ಕಾದಂಬರಿಯನ್ನು ಒಮ್ಮೆ ಓದಬಹುದು. ಕಾತರದ ಕಾದಂಬರಿಯನ್ನು ಎಷ್ಟು ಸಲವಾದರೂ ಓದಬಹುದು. ‘ರೂಪದರ್ಶಿ’ ಎರಡನೆಯ ಬಗೆಯದು. ಆ ಎಳೆಯ ಮುಖವನ್ನು ನೋಡುತ್ತ ನೋಡುತ್ತ, ಇದು ಹೀಗೆಯೇ ಉಳಿಯಬಾರದೆ ಎಂದು ಓದುಗನ ಒಳಗೆ ಏನೋ ಮೊರೆಯಿಡುತ್ತಿರುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಹಲವು ವರ್ಷ ನಾನು ಈ ಕಾದಂಬರಿಯನ್ನು ತರಗತಿಯಲ್ಲಿ ಪ್ರಸ್ತಾಪಿಸಿದ್ದು ನೀತಿಕಥೆಯೆಂದು: ಒಳ್ಳೆಯವನೂ ಕೆಡಬಲ್ಲ, ಮಕ್ಕಳೇ ಎಚ್ಚರಿಕೆ, ಎಂದು. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಚಿತ್ರ ಬರೆದವನಿಗೆ ಮುಖ ಸಿಕ್ತು. ಆ ಮುಖದವನಿಗೆ ಏನು ಸಿಕ್ತು?” ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ. ಆ ರಾತ್ರಿ ಪುಸ್ತಕವನ್ನು ಮತ್ತೆ ತೆಗೆದೆ. ಅಷ್ಟು ದಿನ ನಾನು ಕೆಟ್ಟವನ ಕಡೆಗೆ ಬೆರಳು ತೋರಿಸುತ್ತಿದ್ದೆನೇ ಹೊರತು, ಒಬ್ಬನ ಚೆಲುವನ್ನೂ ಅವನ ಪತನವನ್ನೂ ಬಣ್ಣಕ್ಕೆ ಇಳಿಸಿಕೊಂಡ ಕುಂಚದ ಕಡೆಗೆ ನೋಡಿಯೇ ಇರಲಿಲ್ಲ. ಕಲಾವಿದ ಎರಡು ಬಾರಿಯೂ ಬಂದದ್ದು ತನಗೆ ಬೇಕಾದುದನ್ನು ಪಡೆಯಲು. ಅವನು ಕೆಟ್ಟವನಲ್ಲ, ಕಥೆ ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ಬೇರೊಬ್ಬರ ದುಃಖದ ಮೇಲೆ ಕಣ್ಣೀರು ಸುರಿಸಿ, ಹಗುರಾಗಿ, ಪುಸ್ತಕ ಮುಚ್ಚಿ ಮಲಗುವ ನಮ್ಮಂಥ ಓದುಗರೂ ಆ ಕುಂಚದ ನಂಟರೇ ಅಲ್ಲವೆ?

ದೋಷಗಳಿಲ್ಲವೆಂದಲ್ಲ. ಭಾವ ಉಕ್ಕುವ ಕಡೆ ಲೇಖಕರು ಇನ್ನೊಂದು ಸೌದೆ ಜಾಸ್ತಿಯೇ ತುರುಕುತ್ತಾರೆ. ಇಟಲಿಯ ಜನರ ಮಾತು-ಮಮತೆಗಳು ಅನೇಕ ವೇಳೆ ನಮ್ಮ ಅಗ್ರಹಾರದವಾಗಿಬಿಡುತ್ತವೆ. ನಾನಂತೂ ಇದನ್ನು ಕ್ಷಮಿಸಿದ್ದೇನೆ. ಕಾಣದ ದೇಶವನ್ನು ಬರೆಯುವವನು ಕಂಡ ಮನುಷ್ಯರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅದು ದೊಡ್ಡ ಅಪರಾಧವಲ್ಲ.

ಅಯ್ಯರ್ ಅವರ ‘ಶಾಂತಲಾ’ ಹೆಚ್ಚು ದಪ್ಪ. ಎರಡು ದಿನಕ್ಕೆ ಕಷ್ಟ, ಮೂರು ದಿನದ ರಜೆ ಬೇಕು. ವಿಷ್ಣುವರ್ಧನನ ಪಟ್ಟದರಸಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅದು 1131ರ ಮಾತು. ಹೊಯ್ಸಳ ಸಿಂಹಾಸನವೇರಿದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ಚರಿತ್ರೆ ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಎರಡು ಸಂಗತಿಗಳ ನಡುವಿನ ಮೌನವೇ ಕಾದಂಬರಿಯ ಕ್ಷೇತ್ರ. ಅಗ್ಗದ ಲೇಖಕನಾಗಿದ್ದರೆ ಸವತಿಯರ ಜಡೆ ಜಗಳದಿಂದ ಅದನ್ನು ತುಂಬುತ್ತಿದ್ದ. ಅಯ್ಯರ್ ತುಂಬುವುದು ಪ್ರೀತಿಯಿಂದ, ತ್ಯಾಗದಿಂದ. ಅದರಿಂದಲೇ ಅದು ಹೆಚ್ಚು ನೋಯಿಸುತ್ತದೆ.

ಇದೇ ಜಾಡಿನಲ್ಲಿ ಹೊರಟವರು ನೆರೆಯ ಮಾಲೂರು ತಾಲ್ಲೂಕಿಗೆ ಹೋಗಬೇಕು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂತು; 1983ರ ಜ್ಞಾನಪೀಠ ಪ್ರಶಸ್ತಿಯ ನೆಪದಿಂದ ಎಲ್ಲರ ಮನೆಯ ಕಪಾಟು ಸೇರಿತು, ಎಲ್ಲರೂ ಓದಿದರೆಂದು ಹೇಳಲಾರೆ. ಕೊಡಗಿನ ಕೊನೆಯ ದೊರೆ 1834ರಲ್ಲಿ ರಾಜ್ಯ ಕಳೆದುಕೊಂಡನೆಂಬುದು ಶಾಲೆಯ ಪಾಠ. ಆದರೂ ಆ ದೊರೆ ದಿನೇ ದಿನೇ ಕೆಡುವುದನ್ನು, ಅವನ ಬೆನ್ನಿಗೆ ನೆರಳಿನಂತೆ ಅಂಟಿಕೊಂಡ ಕುಂಟ ಬಸವನನ್ನು ಮಾಸ್ತಿಯವರು ತೋರಿಸುವಾಗ, ಇಲ್ಲಿಗಾದರೂ ನಿಲ್ಲಬಾರದೆ ಎನಿಸುತ್ತದೆ. ಅವರು ದನಿಯೇರಿಸುವುದಿಲ್ಲ, ಪಡಸಾಲೆಯಲ್ಲಿ ಕುಳಿತು ಹೇಳುತ್ತಾರೆ. ಭಯ ಹುಟ್ಟಿಸಲು ದನಿ ಏರಿಸಬೇಕಾಗಿಲ್ಲ.

ಅಳು ಬರಬೇಕೆಂದು ಕೇಳಿದವರಿಗೆ ತ್ರಿವೇಣಿಯವರನ್ನು ಹೇಳದಿರುವುದು ಹೇಗೆ? 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಅವರು ತೀರಿಕೊಂಡರು. ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರ 1971ರ ಚಿತ್ರದಿಂದ ಬಲ್ಲವರು ಪುಸ್ತಕವನ್ನು ಮತ್ತೆ ತೆರೆಯಬೇಕು. ಮನೋರೋಗದಿಂದ ಗುಣಮುಖಳಾಗಿ ಕಾವೇರಿ ಮನೆಗೆ ಮರಳಿದ್ದಾಳೆ. ಆಕೆಯ ಕಾಯಿಲೆ ವಾಸಿಯಾಗಿದೆ; ಮನೆಯವರ ಕಣ್ಣಿನದು ವಾಸಿಯಾಗಿಲ್ಲ. ಆಕೆ ನಕ್ಕರೆ ಸಂಶಯ, ಅತ್ತರೆ ಸಂಶಯ. ಇಲ್ಲಿ ಕೊಲೆಯಿಲ್ಲ, ಕಳವಿಲ್ಲ, ಕತ್ತಲ ಬಂಗಲೆಯಿಲ್ಲ. ಮಧ್ಯಮವರ್ಗದ ಒಂದು ಅಡುಗೆಮನೆಯಿದೆ. ನಾನು ಓದಿದ ಯಾವ ಪತ್ತೇದಾರಿಯಲ್ಲಿಯೂ ಉಸಿರು ಇಷ್ಟು ಬಿಗಿಹಿಡಿದದ್ದಿಲ್ಲ. ಮುಂದಿನದನ್ನು ಹೇಳುವುದಿಲ್ಲ.

ಪತ್ತೇದಾರಿಯೆಂದಾಗ ಎನ್. ನರಸಿಂಹಯ್ಯನವರಿಗೂ ಎಂ. ರಾಮಮೂರ್ತಿಯವರಿಗೂ ಕೈಮುಗಿಯದೆ ಹೋಗಲಾರೆ. ಕನ್ನಡ ಓದುವ ಚಟವನ್ನು ಅಂಗಡಿಯ ಗುಮಾಸ್ತೆಗೂ ಹತ್ತಿಸಿದವರು ಅವರು. ಅವರ ಪುಸ್ತಕಗಳಲ್ಲಿರುವುದು ಶುದ್ಧ ಕುತೂಹಲ. ಅದನ್ನು ಕೀಳೆಂದು ನಾನು ಹೇಳುವುದಿಲ್ಲ, ಹಸಿವಿಗೆ ಚುರುಮುರಿಯೂ ಬೇಕು. ನಮ್ಮ ಗಡಿಯ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವ ಮನೆಗಳು ಬಹಳ. ಅಂಥ ಮನೆಗಳಿಗೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಅನುವಾದದ ಹಂಗಿಲ್ಲದೆಯೇ ಬಂದಿತ್ತು. 1985ರಲ್ಲಿ ಕನ್ನಡ ಚಿತ್ರವೂ ಆಯಿತು. ರಾತ್ರಿ ಒಬ್ಬರೇ ಓದಿ ಹೆದರಿದವರು ಮರುದಿನ ಬೆಳಕಿನಲ್ಲಿ ಅದನ್ನು ಇನ್ನೊಮ್ಮೆ ಓದಿ ನೋಡಲಿ. ಹೆದರಿಕೆ ಇಳಿದ ಮೇಲೆ ಎಷ್ಟು ಉಳಿಯಿತು ಎಂಬುದು ಅವರಿಗೇ ತಿಳಿಯುತ್ತದೆ.

ಈ ಎರಡೂ ಗುಣಗಳನ್ನು ಒಂದೇ ಪಾತ್ರೆಯಲ್ಲಿ ಕುದಿಸಿದವರು ತೇಜಸ್ವಿ. ‘ಜುಗಾರಿ ಕ್ರಾಸ್’ ಒಂದು ದಿನದ ಅವಧಿಯಲ್ಲಿ ನಡೆದುಹೋಗುವ ಕಥೆ. ಶನಿವಾರ ಊಟದ ನಂತರ ಹಿಡಿದರೆ ರಾತ್ರಿಯೊಳಗೆ ಮುಗಿಯುತ್ತದೆ, ಮುಗಿಯುವವರೆಗೆ ಬಿಡುವುದೂ ಇಲ್ಲ. ಏಲಕ್ಕಿ ಮಾರಿ ಬರಲು ಹೊರಟ ಎಳೆಯ ದಂಪತಿಗಳ ಸುತ್ತ ಬಲೆ ಬಿಗಿಯುತ್ತ ಹೋಗುತ್ತದೆ. ಅದರ ಹಿಂದೆ ಒಂದು ಕಾಡೇ ಲೂಟಿಯಾಗುತ್ತಿರುವುದು ನಿಧಾನವಾಗಿ ಕಾಣುತ್ತದೆ. ಕಣ್ಣೀರು ಬರುವುದಿಲ್ಲ; ಬಸ್ಸಿನ ಮಿತ್ರರ ಅರ್ಧ ಷರತ್ತು ಇಲ್ಲಿ ಸೋಲುತ್ತದೆ.

ಬಸ್ಸಿನಲ್ಲಿ ಇದನ್ನೆಲ್ಲ ಹೇಳಲು ಬಿಡುವಿರಲಿಲ್ಲ. ಅವರು ಟಿಕೀಟಿನ ಹಿಂದೆ ‘ರೂಪದರ್ಶಿ’ ಎಂದು ಬರೆದುಕೊಂಡು, “ನಮ್ಮೂರಿನವರಾ?” ಎಂದು ಇನ್ನೊಮ್ಮೆ ಕೇಳಿ ಇಳಿದುಹೋದರು. ಮುಂದಿನ ವಾರ ನನ್ನ ಪ್ರತಿಯನ್ನೇ ಕೊಟ್ಟು ಕಳುಹಿಸಿದೆ. ಹದಿನೈದು ದಿನವಾದರೂ ಸುದ್ದಿಯಿಲ್ಲದ್ದರಿಂದ ವಿಚಾರಿಸಿದರೆ, ಪುಸ್ತಕ ತಾಯಿಯವರ ಕೈಯಲ್ಲಿದೆಯಂತೆ. ಎರಡನೆಯ ಸಲ ಓದುತ್ತಿದ್ದಾರಂತೆ. ಮಗನಿಗೆ ಇನ್ನೂ ಸಿಕ್ಕಿಲ್ಲ.