ಚಿಪ್ ನಂಬರ್ ಕೇಳಿ ಕೊಳ್ಳಿ

ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಗುರ ಎಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಗಲಿ. ಮೊನ್ನೆಯಷ್ಟೇ ಕಂಬಂನಿಂದ ಬಂದಿದ್ದೇನೆ, ಅಲ್ಲಿ ಕಂಡದ್ದನ್ನು ಬಿಸಿ ಆರುವ ಮುಂಚೆ ಬರೆಯಬೇಕು.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕಾಪಿಲಿಯರ ಕುಟುಂಬಗಳಿವೆ. ಅಂಥದೊಂದು ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಹಿತ್ತಲಾಚೆ ಪನ್ನೀರು ದ್ರಾಕ್ಷಿಯ ಚಪ್ಪರ, ಮನೆಗೆ ಮೊಳದಗಲದ ಗೋಡೆ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತಲ್ಲ, ಆ ಯೋಜನೆಯಲ್ಲಿ ದೊಡ್ಡ ಮಗಳಿಗೆ ಬಂದ ಯಂತ್ರ ಈಗ ತಂಗಿಯ ಪಾಲಾಗಿದೆ. ಬ್ಯಾಟರಿ ಹೋಗಿದೆ, ಒಳಗಿನ ವೈ-ಫೈ ಕಾರ್ಡೂ ಹೋಗಿದೆ. ಮಿಕ್ಕಿದ್ದೆಲ್ಲ ಗಟ್ಟಿ. ಲಿನಕ್ಸ್ ಹಾಕಿಕೊಂಡು ಓದುತ್ತಾಳೆ.

"ಮಾಮ, ಮಾಡಿಗೆ ಹೋದ್ರೆ ಫೋನಿಗೆ ಸಿಗುತ್ತೆ. ಇದಕ್ಕೆ ಎಲ್ಲೂ ಸಿಗಲ್ಲ" ಅಂದಳು. ಮಾಡಿ ಅಂದರೆ ಅವರಲ್ಲಿ ಮಹಡಿ.

ಅವಳ ಅಪ್ಪ ತೇನಿಯಿಂದ ಉದ್ದನೆಯ ಆಂಟೆನಾ ಇರುವ ಒಂದು ಯುಎಸ್‌ಬಿ ಅಡಾಪ್ಟರ್ ತಂದಿದ್ದರು. ಜೊತೆಗೆ ಅಂಗೈಯಗಲದ ಸಿಡಿ. ಅದರಲ್ಲಿದ್ದದ್ದು ಬರೀ ವಿಂಡೋಸ್ ಡ್ರೈವರ್. ಲಿನಕ್ಸಿಗೆ ಬೇಕಾದದ್ದನ್ನು ಇಳಿಸಿಕೊಳ್ಳೋಣ ಎಂದರೆ ಅದಕ್ಕೇ ಇಂಟರ್‌ನೆಟ್ ಬೇಕು. ಈ ಗಂಟಲ್ಲಿ ಸಿಕ್ಕಿದವರು ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ತಂತಿಯಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಡ್ರೈವರ್ ಇಳಿಸುವಷ್ಟು ಹೊತ್ತಿಗೆ ಅದು ಧಾರಾಳ ಸಾಕು. ಇಲ್ಲಿ ಅದೂ ನೆರವಿಗೆ ಬರಲಿಲ್ಲ, ಆ ಚಿಪ್‌ಗೆ ಸಿಕ್ಕ ಡ್ರೈವರ್ ಈಗಿನ ಕರ್ನೆಲ್ ಮೇಲೆ ಕಂಪೈಲ್ ಆಗಲೇ ಇಲ್ಲ.

ಅದಕ್ಕೇ ನಾನು ಪ್ರತಿ ಸಲ ಹೇಳುವುದು, ಡಬ್ಬಿಯ ಮೇಲಿನ ಹೆಸರು ಓದಿ ಅಡಾಪ್ಟರ್ ಕೊಳ್ಳಬೇಡಿ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ನೋಡಿ. ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರಾಸ್‌ನ ಎಆರ್9271 ಚಿಪ್, ಎರಡನೆಯದರಿಂದ ರಿಯಲ್‌ಟೆಕ್‌ನದು. ಮಾದರಿಯ ಹೆಸರು ಅದೇ, ಒಳಗಿನ ಪ್ರಾಣವೇ ಬೇರೆ. ಎಆರ್9271ಕ್ಕೆ ಬೇಕಾದ ಡ್ರೈವರ್ 2010ರಿಂದ ಕರ್ನೆಲ್ ಒಳಗೇ ಇದೆ. 2013ರಲ್ಲಿ ಅದರ ಫರ್ಮ್‌ವೇರಿನ ಮೂಲವನ್ನೂ ಬಿಟ್ಟುಕೊಟ್ಟರು. ಕಂಪನಿ ಕೈಬಿಟ್ಟರೂ ಬದುಕುವ ಚಿಪ್ ಎಂದರೆ ಇಂಥದು.

ಈ ಬುದ್ಧಿಯನ್ನು ನಾನು ಕಲಿತದ್ದು ಜಾಂ ತೂರಿಲ್ ಅವರಿಂದ. ಎಚ್‌ಪಿ ಪ್ರಯೋಗಾಲಯದಲ್ಲಿದ್ದುಕೊಂಡು ಲಿನಕ್ಸಿಗೆ ವೈರ್‌ಲೆಸ್ ಟೂಲ್ಸ್ ಬರೆದವರು ಅವರು. 'ಐಡಬ್ಲ್ಯು ಕಾನ್ಫಿಗ್' ಎಂದು ಟೈಪ್ ಮಾಡಿದವರೆಲ್ಲ ಅವರ ಋಣದಲ್ಲಿದ್ದೇವೆ. ಕಾರ್ಡುಗಳ ಬಗ್ಗೆ ಅವರು ಬರೆದಿಟ್ಟದ್ದನ್ನು ಓದಿದವರಿಗೆ ಗೊತ್ತು: ಅಂಗಡಿಯ ಹೆಸರನ್ನು ಸರಿಸಿ ಒಳಗಿನ ಚಿಪ್ ಯಾವುದು, ಅದಕ್ಕೆ ಡ್ರೈವರ್ ಯಾವುದು ಎಂದು ಬಿಡಿಸುತ್ತಾ ಹೋಗುತ್ತಾರೆ. ಆ ತಾಳ್ಮೆಯ ಮುಂದೆ ಇಂದಿನ ಜಾಹೀರಾತು ವಿಮರ್ಶೆಗಳೆಲ್ಲ ನನಗೆ ಸಪ್ಪೆ.

ನನ್ನ ಚೀಲದಲ್ಲಿ ಎಆರ್9271ರ ಹಳೆಯ ಅಡಾಪ್ಟರ್ ಒಂದು ಸದಾ ಇರುತ್ತದೆ. ಸಿಕ್ಕಿಸಿ ಯುಎಸ್‌ಬಿ ಪಟ್ಟಿ ನೋಡಿದರೆ 0ಸಿಎಫ್3:9271 ಎಂದು ಬಂತು, ದೀಪ ಹತ್ತಿತು. ಆದರೆ ಅಕ್ಕಪಕ್ಕದ ಮನೆಯ ಹೆಸರುಗಳು ಕಂಡವೇ ಹೊರತು ಈ ಮನೆಯದು ಕಾಣಲಿಲ್ಲ. ರೌಟರ್ ತಾನಾಗಿಯೇ 13ನೇ ಚಾನೆಲ್ ಹಿಡಿದು ಕೂತಿತ್ತು! ನಮ್ಮಲ್ಲಿ 13ರವರೆಗೂ ಬಳಸಬಹುದು, ಅಮೆರಿಕದಲ್ಲಿ ಬಳಕೆ 11ಕ್ಕೇ ನಿಲ್ಲುತ್ತದೆ. ಅಲ್ಲಿಗೆಂದು ತಯಾರಾದ ನನ್ನ ಅಡಾಪ್ಟರಿಗೆ ಆಚೆಯದು ಕಾಣುವುದೇ ಇಲ್ಲ. ರೌಟರನ್ನು 6ಕ್ಕೆ ಕಟ್ಟಿಹಾಕಿದೆ, ಭದ್ರತೆಯನ್ನು ಡಬ್ಲ್ಯುಪಿಎ2ಕ್ಕೆ ಇಟ್ಟೆ. ಹೆಸರು ಮೂಡಿತು. ಹಜಾರದಲ್ಲಿ ಮಾತ್ರ. ಓದುವ ಕೋಣೆಗೆ ಹೋದರೆ ಮತ್ತೆ ಮಾಯ.

ಆಗ ಅಡುಗೆಮನೆಯಿಂದ ಕೊಡೈ ಎಫ್‌ಎಂ ಹಾಡುತ್ತಿತ್ತು. ಹುಡುಗಿ ಕೇಳಿದ ಪ್ರಶ್ನೆಗೇ ನಾನು ಈ ಅಂಕಣವನ್ನು ಮುಡಿಪಿಡಬೇಕು: "ಅದು ಕೊಡೈಕೆನಾಲ್ ಬೆಟ್ಟದಿಂದ ಬರುತ್ತೆ, ಇದು ಹಜಾರದಿಂದ ಬರಲ್ಲ, ಯಾಕೆ?"

ಬೆಟ್ಟದ ಮೇಲಿನ ಆಕಾಶವಾಣಿಯದು ಕಿಲೋವ್ಯಾಟ್ ಲೆಕ್ಕದ ಬಲ, ರೌಟರಿನದು ಒಂದು ವ್ಯಾಟಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಬಲ ಒಂದೇ ಕಾರಣವಲ್ಲ. 100.5 ಮೆಗಾಹರ್ಟ್ಸ್‌ನ ಅಲೆ ಸುಮಾರು ಮೂರು ಮೀಟರ್ ಉದ್ದ. ಬಾಗಿಲು, ಕಿಟಕಿ, ಮೂಲೆಗಳನ್ನು ಬಳಸಿಕೊಂಡು ಬಂದುಬಿಡುತ್ತದೆ. 2.4 ಗಿಗಾಹರ್ಟ್ಸ್‌ನದು ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ತೇವ ಹಿಡಿದ ಮೊಳದಗಲದ ಗೋಡೆ ಅದನ್ನು ಕುಡಿದುಬಿಡುತ್ತದೆ, ಕಬ್ಬಿಣದ ಬೀರು ಹಿಂದಕ್ಕೆ ತಳ್ಳುತ್ತದೆ. ಆ ಮನೆಯಲ್ಲಿ ಗೋಡೆಯ ಈಚೆ ಬೀರು, ಬೀರುವಿನ ಮರೆಯಲ್ಲಿ ಲ್ಯಾಪ್‌ಟಾಪ್.

ಇಂಥ ಮನೆಗೆ ಎಕ್ಸ್‌ಟೆಂಡರ್ ತನ್ನಿ ಎನ್ನುವ ಪಂಥ ಒಂದಿದೆ. ಅದರ ಜೊತೆ ನನ್ನ ಜಗಳ ಹಳೆಯದು. ಒಂದೇ ರೇಡಿಯೊದ ಎಕ್ಸ್‌ಟೆಂಡರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕು, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದುಡ್ಡೂ ಹೋಗಿ ವೇಗವೂ ಹೋಗುವ ಈ ಸಲಹೆಯನ್ನು ಬಡವರ ಮನೆಗೆ ಕೊಡುವುದು ನನಗೆ ಸರಿಕಾಣದು. ಮೊದಲು ಅಡಾಪ್ಟರನ್ನು ಯಂತ್ರದ ಬೆನ್ನಿನಿಂದ ಬಿಡಿಸಿ, ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಗೆ ಹಾಕಿ ಜಾಗ ಹುಡುಕಿ. ಯುಎಸ್‌ಬಿ 3 ಪೋರ್ಟು ಇದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆಂದು 2012ರಲ್ಲಿ ಇಂಟೆಲ್ಲೇ ಪ್ರಬಂಧ ಬರೆದಿದೆ. ತಂತಿ ಆ ಗದ್ದಲದಿಂದಲೂ ದೂರ ಒಯ್ಯುತ್ತದೆ.

ಕಂಬಂ ಪೇಟೆಯಲ್ಲಿ ಮೂರು ಮೀಟರಿನ ತಂತಿ ಸಿಕ್ಕಿತು. ಬೀರುವಿನ ಪಕ್ಕದಿಂದ ಎಳೆದು, ಬಾಗಿಲ ಚೌಕಟ್ಟಿನ ಮೇಲೆ ಕ್ಯಾಲೆಂಡರ್ ಮೊಳೆಗೆ ಅಡಾಪ್ಟರನ್ನು ತೂಗಿಬಿಟ್ಟೆವು. ಅಲ್ಲಿಂದ ರೌಟರಿನ ದೀಪಗಳು ಕಣ್ಣಿಗೇ ಕಾಣುತ್ತವೆ. ಪಾಠದ ವಿಡಿಯೊ ಎಲ್ಲೂ ನಿಲ್ಲದೆ ಓಡಿತು.

ನಾನು ಹೊರಡುವಾಗ ಅಡಾಪ್ಟರ್ ಅಲ್ಲೇ ಉಳಿಯಿತು. ಹುಡುಗಿ ಮೆಡಿಕಲ್ ಟೇಪಿನ ತುಂಡಿನ ಮೇಲೆ ಎಆರ್9271 ಎಂದು ಬಾಲ್‌ಪೆನ್ನಿನಲ್ಲಿ ಬರೆದು ಅದರ ಹೊಟ್ಟೆಗೆ ಅಂಟಿಸಿದ್ದಳು. ಅಪ್ಪನಿಗೂ ಅದನ್ನೇ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿದಳು.